ಕಂಪ್ಯೂಟರಿನ ಹಾಜರಿ ಪುಸ್ತಕ

ಕಳೆದ ಓಣಂ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಕಲಿಯುತ್ತಿದ್ದಾಳೆ. ಬಾಡಿಗೆಗಿರುವುದು ನೇಯ್ಗೆಯ ದೇವಾಂಗ ಕುಟುಂಬವೊಂದರ ಮನೆಯಲ್ಲಿ. ಅಲ್ಲಿ ಮನೆಮಾತು ಕನ್ನಡ, ಮಕ್ಕಳ ಓದು ಮಾತ್ರ ತಮಿಳು.

"ಸರ್, ಒಂದು ನಂಬ್ರದಿಂದ ವಾರದ ಕೆಲಸವೆಲ್ಲ ಅಳಿಸಿಹೋಯಿತು" ಎಂದಳು. ತರಗತಿಯಲ್ಲಿ ಕೇಳಲು ನಾಚಿಕೆಯಾಯಿತಂತೆ.

ಸಂಗತಿ ಇಷ್ಟೆ. ಯುನಿಕ್ಸ್ ಬಗೆಯ ಕಂಪ್ಯೂಟರಿನಲ್ಲಿ ನಾವು ಕೊಡುವ ಆಜ್ಞೆಗಳನ್ನು ಕೇಳಿ ನಡೆಸುವ ಕ್ರಮವಿಧಿಗೆ ಶೆಲ್ ಎಂದು ಹೆಸರು. ಕೊಟ್ಟ ಆಜ್ಞೆಗಳನ್ನು ನಂಬ್ರ ಹಾಕಿ ನೆನಪಿಡುವ ಸೌಕರ್ಯವನ್ನು 1970ರ ದಶಕದ ಕೊನೆಗೆ ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್ ಜನಪ್ರಿಯಗೊಳಿಸಿತು. 1989ರಲ್ಲಿ ಬಂದ ಬ್ಯಾಷ್ ಶೆಲ್ಲಿನಲ್ಲೂ ಅದಿದೆ. ಉದ್ಗಾರ ಚಿಹ್ನೆಯ ಮುಂದೆ ನಂಬ್ರ ಬರೆದರೆ, ಉದಾಹರಣೆಗೆ !214 ಎಂದರೆ, ಆ ಆಜ್ಞೆ ಮರುಮಾತಿಲ್ಲದೆ ಪುನಃ ನಡೆಯುತ್ತದೆ.

ಪ್ರಾಂಪ್ಟಿನಲ್ಲಿ ಎರಡು ಬಗೆಯ ನಂಬ್ರ ತೋರಿಸಬಹುದು. \! ಎಂಬ ಗುರುತು ಹಿಂದಿನ ದಿನಗಳ ಆಜ್ಞೆಗಳನ್ನೂ ಸೇರಿಸಿ ಎಣಿಸುತ್ತದೆ. ಇದು ಶಾಲೆಯ ಅಡ್ಮಿಷನ್ ನಂಬ್ರದ ಹಾಗೆ. \# ಎಂಬುದು ಆ ಕಿಟಕಿ ತೆರೆದಂದಿನಿಂದ ಒಂದು, ಎರಡು ಎಂದು ಎಣಿಸುತ್ತದೆ. ಇದು ವರ್ಷವರ್ಷ ಹೊಸದಾಗುವ ಹಾಜರಿ ನಂಬ್ರ. ಬೇರೆ ಹೇಳದಿದ್ದರೆ ಬ್ಯಾಷ್ 500 ಆಜ್ಞೆಗಳನ್ನು ನೆನಪಿಡುತ್ತದೆ. ಹೊಸದು ಬಂದಾಗ ಹಳೆಯದು ಬಿಟ್ಟುಹೋದರೂ ಆ ಕಿಟಕಿ ತೆರೆದಿರುವ ತನಕ ಉಳಿದವುಗಳ ನಂಬ್ರ ಬದಲಾಗದು, ಟಿ.ಸಿ. ಪಡೆದವನಿಂದ ಇತರರ ಅಡ್ಮಿಷನ್ ನಂಬ್ರ ಬದಲಾಗದ ಹಾಗೆ. ಆದರೆ ಮರುದಿನ ತೆರೆದಾಗ ಉಳಿದವುಗಳಿಗೆ ಹೊಸ ನಂಬ್ರ ಬೀಳಬಹುದು.

ಹುಡುಗಿ ಎಡವಿದ್ದು ಇನ್ನೊಂದು ಕಡೆ. ಎರಡು ಕಿಟಕಿ ತೆರೆದಿದ್ದಳು. ಎರಡೂ ಒಂದೇ ಹಳೆಯ ಪಟ್ಟಿಯಿಂದ ಹೊರಟರೂ ಬಳಿಕ ತಮ್ಮ ತಮ್ಮ ಲೆಕ್ಕ ಬೆಳೆಸಿದವು. ಒಂದರಲ್ಲಿ 214 ಪಾಠವನ್ನು ನಡೆಸುವ ಆಜ್ಞೆ. ಇನ್ನೊಂದರಲ್ಲಿ ಬೇಡದ ಕಡತಗಳನ್ನೆಲ್ಲ ಅಳಿಸಿದ ಆಜ್ಞೆ. ಮೊದಲನೆಯದರ ನಂಬ್ರವನ್ನು ಎರಡನೆಯದರಲ್ಲಿ ಒತ್ತಿದಳು. ಅಷ್ಟರಲ್ಲಿ ಅವಳು ನಿಂತಿದ್ದುದು ಪಾಠದ ಕೋಶದಲ್ಲಿ. ಎಲ್ಲವೂ ಹೋಯಿತು.

ಪರಿಹಾರ ಸುಲಭ. !214:p ಎಂದು ಬರೆದರೆ ಆಜ್ಞೆ ನಡೆಯದೆ ಬರಿದೆ ಕಾಣಿಸುತ್ತದೆ. ಓದಿ ನೋಡಿ ಮುಂದುವರಿಯಬಹುದು.

ಹುಡುಗಿ ಪಾಠವನ್ನು ಎರಡನೆಯ ಸಲ ಬರೆದು ಒಪ್ಪಿಸಿದ್ದಾಳೆ. ನಮಗೆ ಬೇಸರವಾದದ್ದು ಅಳಿದ ಕಡತಕ್ಕಲ್ಲ, ಕೇಳದೆ ಉಳಿದ ಪ್ರಶ್ನೆಗೆ. ಅಡ್ಮಿಷನ್ ನಂಬ್ರ, ಹಾಜರಿ ನಂಬ್ರ ಎಂದೊಡನೆ ಅವಳಿಗೆ ತಿಳಿಯಿತು. ಹೊರಗೆ ಓದುವ ಮಕ್ಕಳು ಮನೆಗೆ ಬಂದಾಗ ಹೆತ್ತವರು ಅಂಕ ಕೇಳುವ ಮೊದಲು, ತಿಳಿಯದೆ ಉಳಿದದ್ದೇನೆಂದು ಕನ್ನಡದಲ್ಲಿ ಕೇಳಲಿ.