ಜಾಮಿಯಾ ಮಸೀದಿಯಲ್ಲಿ ನೋಡುವುದೇನು?

ವಿಜಯಪುರಕ್ಕೆ ಹೋದವರು ಮೊದಲು ಗೋಳಗುಮ್ಮಟ ಹತ್ತುತ್ತಾರೆ. ಕೂಗಿ, ಪ್ರತಿಧ್ವನಿ ಎಣಿಸಿ ಇಳಿಯುತ್ತಾರೆ. ಅದೇ ಊರಿನ ಜಾಮಿಯಾ ಮಸೀದಿಗೆ ಬಂದಾಗ ಮಾತ್ರ ಹಲವರಿಗೆ ಸಂದೇಹ: ಒಳಗೆ ನೋಡಲು ಏನಿದೆ? ದೇವಾಲಯಗಳನ್ನು ನೋಡಿ ರೂಢಿಯಾದ ಕಣ್ಣಿಗೆ ಈ ಪ್ರಶ್ನೆ ಸಹಜವೇ. ಇಲ್ಲಿ ಗರ್ಭಗುಡಿಯಿಲ್ಲ, ಮೂರ್ತಿಯಿಲ್ಲ, ಕಥೆ ಹೇಳುವ ಶಿಲ್ಪಗಳೂ ಇಲ್ಲ.

ಉತ್ತರ ನಮ್ಮ ಕಾಲ ಕೆಳಗೇ ಇದೆ. ಒಬ್ಬರು ನಮಾಜು ಮಾಡಲು ಸಾಕಾಗುವಷ್ಟು ಅಳತೆಯ ಆಯತಗಳನ್ನು ನೆಲದ ಮೇಲೆ ಸಾಲುಸಾಲಾಗಿ ಗುರುತಿಸಲಾಗಿದೆ. ಅವು ಎರಡು ಸಾವಿರಕ್ಕೂ ಹೆಚ್ಚು. 1686ರಲ್ಲಿ ಔರಂಗಜೇಬ ಊರನ್ನು ಗೆದ್ದ ಮೇಲೆ, ಇಲ್ಲಿದ್ದ ಮಖಮಲ್ಲಿನ ಹಾಸುಗಳನ್ನು ಒಯ್ದು ಬದಲಿಗೆ ಈ ಗೆರೆಗಳನ್ನು ಬರೆಸಿದನೆಂದು ಹೇಳುತ್ತಾರೆ. ಅದೇನೇ ಇರಲಿ, ಸಾಲಿನಲ್ಲಿ ನಿಂತ ಮೇಲೆ ಸರದಾರನಿಗೂ ಕೂಲಿಯವನಿಗೂ ಅಷ್ಟೇ ಜಾಗ.

ಈ ಸಾಲೇ ಕಟ್ಟಡದ ರೂಪವನ್ನೂ ನಿರ್ಧರಿಸಿದೆ. ದೇವಾಲಯದಲ್ಲಿ ನಾವು ಮಂಟಪ ದಾಟಿ ಗರ್ಭಗುಡಿಯತ್ತ ಒಳಒಳಗೆ ಸಾಗುತ್ತೇವೆ. ಇಲ್ಲಿ ಎಲ್ಲರೂ ಮೆಕ್ಕಾದ ದಿಕ್ಕಾದ ಪಶ್ಚಿಮಕ್ಕೆ ಮುಖಮಾಡಿ ಅಕ್ಕಪಕ್ಕ ನಿಲ್ಲಬೇಕು. ಆದ್ದರಿಂದ ಪ್ರಾರ್ಥನಾ ಮಂದಿರ ಆಳಕ್ಕಿಂತ ಅಗಲಕ್ಕೆ ಹರಡಿಕೊಂಡಿದೆ: ಅಗಲಕ್ಕೆ 9 ಅಂಕಣ, ಆಳಕ್ಕೆ 5. ನಡುವಣ 9 ಅಂಕಣಗಳಲ್ಲಿ ಕಂಬಗಳನ್ನು ಬಿಟ್ಟು, ಒಂದನ್ನೊಂದು ಹಾಯುವ ಕಮಾನುಗಳ ಮೇಲೆ ಗುಮ್ಮಟ ಕೂರಿಸಿದ್ದಾರೆ. ಇದೇ ವಿಧಾನ ಮುಂದೆ ಗೋಳಗುಮ್ಮಟದಲ್ಲಿ ಬೃಹತ್ತಾಗಿ ಬೆಳೆಯಿತು.

1565ರ ರಕ್ಕಸತಂಗಡಗಿ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದ ಸುಲ್ತಾನರಲ್ಲಿ ಒಬ್ಬನಾದ ಒಂದನೇ ಅಲಿ ಆದಿಲಶಾಹ ಈ ಕೆಲಸ ಆರಂಭಿಸಿದ. ಅದು ಪೂರ್ತಿಯಾಗಲೇ ಇಲ್ಲ. ಪೂರ್ವದ ತುದಿಯಲ್ಲಿ ಏಳಬೇಕಿದ್ದ ಎರಡು ಮಿನಾರುಗಳು ಏಳಲಿಲ್ಲ.

ಇಷ್ಟು ಸರಳತೆಯ ನಡುವೆ ವೈಭವ ಇರುವುದು ಪಶ್ಚಿಮದ ಗೋಡೆಯ ಮಿಹ್ರಾಬಿನಲ್ಲಿ. ಮಹಮ್ಮದ್ ಆದಿಲಶಾಹನ ಕಾಲದಲ್ಲಿ, 1636ರಲ್ಲಿ, ಅದನ್ನು ಚಿನ್ನ ಮತ್ತು ಬಣ್ಣಗಳಿಂದ ಅಲಂಕರಿಸಿದರು. ಬರಹಗಳ ಜೊತೆಗೆ ಗೂಡಿನಲ್ಲಿಟ್ಟ ಪುಸ್ತಕಗಳ, ಹೂದಾನಿಗಳ ಚಿತ್ರಗಳಿವೆ. ಆದರೆ ಪೂಜೆ ಮಿಹ್ರಾಬಿಗಲ್ಲ. ಅದು ದಿಕ್ಕು ತೋರಿಸುವ ಗುರುತು, ಅಷ್ಟೆ. ಸಾಮಾನ್ಯವಾಗಿ ಪರದೆಯ ಹಿಂದಿರುವ ಅದನ್ನು ಅಲ್ಲಿನವರನ್ನು ಕೇಳಿಯೇ ನೋಡಬೇಕು.

ಗೋಳಗುಮ್ಮಟ ಸಮಾಧಿ, ಇದು ಇಂದಿಗೂ ನಮಾಜು ನಡೆಯುವ ಜಾಗ. ಪ್ರವಾಸಿ ಇಲ್ಲಿ ಅತಿಥಿ. ಶುಕ್ರವಾರ ಮಧ್ಯಾಹ್ನ ಮತ್ತು ನಮಾಜಿನ ಹೊತ್ತನ್ನು ತಪ್ಪಿಸಿ ಹೋಗುವುದು ಒಳ್ಳೆಯದು. ಚಪ್ಪಲಿ ಹೊರಗಿರಲಿ, ಮೈತುಂಬ ಬಟ್ಟೆಯಿರಲಿ. ನಮಾಜು ಮಾಡುವವರ ಎದುರು ಹಾಯಬಾರದು, ಕೇಳದೆ ಫೋಟೋ ತೆಗೆಯಬಾರದು. ಅಂಗಳದ ಕೊಳ ಕೈಕಾಲು, ಮುಖ ತೊಳೆದು ಶುದ್ಧರಾಗಲು ಇರುವಂಥದು.

ಪ್ರತಿಧ್ವನಿ ಕೇಳಿಸುವ ಅವಸರ ಇಲ್ಲಿಲ್ಲ. ಕಮಾನಿನ ನೆರಳಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಆ ಖಾಲಿ ಸಾಲುಗಳನ್ನು ನೋಡಿ. ಅವುಗಳಲ್ಲಿ ಜನ ನಿಂತಾಗಲೇ ಈ ಕಟ್ಟಡ ಪೂರ್ಣವಾಗುವುದು ಎಂಬುದು ತಾನಾಗಿ ತಿಳಿಯುತ್ತದೆ.