ನಾಯಿಯ ತೂರಾಟದಿಂದ ಔಷಧದವರೆಗೆ

ಭಂಗಿ ಗಿಡದ ಸಾರವನ್ನು ಪ್ರಾಣಿಗಳಿಗೆ ಕೊಟ್ಟು, ಪರಿಣಾಮವನ್ನು ಕ್ರಮವಾಗಿ ಬರೆದಿಟ್ಟ ಆಧುನಿಕ ವೈದ್ಯಕೀಯದ ಆರಂಭದ ದಾಖಲೆ ಕಲ್ಕತ್ತೆಯದು. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಐರಿಷ್ ವೈದ್ಯ ವಿಲಿಯಂ ಓ'ಶಾನೆಸಿ 1839ರಲ್ಲಿ ತನ್ನ ಪ್ರಯೋಗಗಳ ವಿವರ ಮಂಡಿಸಿದ. ನೇಪಾಳದ ಚರಸ್ಸನ್ನು ಮುಕ್ಕಾಲು ಗ್ರಾಂಗೂ ಕಡಿಮೆ ತೂಗಿ, ಮದ್ಯಸಾರದಲ್ಲಿ ಕರಗಿಸಿ, ನಡುಗಾತ್ರದ ನಾಯಿಯೊಂದಕ್ಕೆ ಕುಡಿಸಿದ್ದ. ಅರ್ಧ ಗಂಟೆಗೆ ನಾಯಿ ಮಂಕಾಯಿತು. ತೂಕಡಿಸುತ್ತ, ನಡುನಡುವೆ ಬೆಚ್ಚಿ ಎದ್ದು ಬಾಲ ಅಲ್ಲಾಡಿಸಿತು, ಹಾಕಿದ್ದನ್ನು ಗಬಗಬನೆ ತಿಂದಿತು, ಕರೆದರೆ ತೂರಾಡಿತು. ಆರು ಗಂಟೆಯೊಳಗೆ ಮತ್ತೆ ಲವಲವಿಕೆಯಿಂದಿತ್ತು. ಬೆಕ್ಕು, ಹಂದಿ, ರಣಹದ್ದುಗಳಿಗೂ ಅಮಲೇರಿತು. ಕುದುರೆ, ಕುರಿ, ಮೇಕೆ, ದನಗಳಿಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ಆದರೂ ಮುಂದೆ ಪಶುವೈದ್ಯರು ಈ ಸಾರವನ್ನು ಹೆಚ್ಚಾಗಿ ಬಳಸಿದ್ದು ಕುದುರೆಗಳ ಹೊಟ್ಟೆಶೂಲೆಗೆ. ನಾಯಿಯ ಪಾಲಿಗೆ ಬಂದದ್ದು ಅಳತೆಗೋಲಿನ ಕೆಲಸ. ಗಿಡದಿಂದ ಗಿಡಕ್ಕೆ ಸತ್ವ ಬೇರೆಯಾಗುತ್ತಿತ್ತು, ಅದನ್ನು ಅಳೆಯುವ ರಾಸಾಯನಿಕ ವಿಧಾನ ಇರಲಿಲ್ಲ. ಹಾಗಾಗಿ ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿ ಔಷಧವನ್ನು ನಾಯಿಗೆ ಕೊಟ್ಟು, ಕಾಲು ಎಷ್ಟು ತಡವರಿಸುತ್ತದೆಂದು ನೋಡಿ ಅದರ ಬಲ ನಿರ್ಧರಿಸುತ್ತಿದ್ದರು. 1937ರಲ್ಲಿ ಅಲ್ಲಿ ಗಾಂಜಾ ತೆರಿಗೆ ಕಾನೂನು ಬಂತು; 1942ರ ಹೊತ್ತಿಗೆ ಅಧಿಕೃತ ಔಷಧಕೋಶದಿಂದ ಗಿಡದ ಹೆಸರೇ ಹೋಯಿತು.

ಗಿಡದೊಳಗಿನ ಮುಖ್ಯ ವಸ್ತುಗಳ ರಚನೆ ಸ್ಪಷ್ಟವಾದದ್ದು ಇಸ್ರೇಲಿನಲ್ಲಿ. ರಫೇಲ್ ಮೆಷೂಲಮ್ ಮತ್ತು ಸಂಗಡಿಗರು 1963ರಲ್ಲಿ ಅಮಲೇರಿಸದ ಸಿಬಿಡಿಯ, 1964ರಲ್ಲಿ ಅಮಲೇರಿಸುವ ಟಿಎಚ್‌ಸಿಯ ರಚನೆ ಬಿಡಿಸಿದರು. ಟಿಎಚ್‌ಸಿ ಹೋಗಿ ಕೂರುವ ಗ್ರಾಹಕಗಳು ಮಿದುಳಿನಲ್ಲಿರುವುದು ಮುಂದಿನ ದಶಕಗಳಲ್ಲಿ ಖಚಿತವಾಯಿತು. ಅದೇ ಗ್ರಾಹಕಕ್ಕೆ ಅಂಟುವ, ದೇಹವೇ ತಯಾರಿಸುವ ವಸ್ತುವೊಂದು 1992ರಲ್ಲಿ ಸಿಕ್ಕಾಗ, ಸಂಸ್ಕೃತದ ಆನಂದದಿಂದಲೇ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ನಾಯಿಯ ಕಿರುಮೆದುಳಿನಲ್ಲಿ ಈ ಗ್ರಾಹಕಗಳು ಮನುಷ್ಯನದಕ್ಕಿಂತ ಬಹಳ ದಟ್ಟ. ನಡಿಗೆಯ ಹಿಡಿತ ಇರುವುದು ಅಲ್ಲೇ. ಓ'ಶಾನೆಸಿ ಕಂಡ ತೂರಾಟಕ್ಕೆ ಕಾರಣ ಹೀಗೆ ದೊರೆಯಿತು. ಮನೆಯ ಗಾಂಜಾ ತಿನಿಸಿಗೆ ಬಾಯಿ ಹಾಕಿದ ನಾಯಿ ಮೂತ್ರ ಸೋರಿಸುತ್ತ, ಓಲಾಡುತ್ತ ಆಸ್ಪತ್ರೆ ಸೇರುವುದೂ ಟಿಎಚ್‌ಸಿಯಿಂದಲೇ. ಅದಕ್ಕಾಗಿ ಚಿಕಿತ್ಸೆಯ ಗಮನವೆಲ್ಲ ಸಿಬಿಡಿಯತ್ತ ತಿರುಗಿತು, ತಿರುಗಿದ್ದು ಸರಿಯೇ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಕೀಲುನೋವಿನ 16 ನಾಯಿಗಳ ಅಧ್ಯಯನ ಪ್ರಕಟಿಸಿತು. ಒಂದೇ ನಾಯಿಗೆ ಕೆಲವು ವಾರ ಸಿಬಿಡಿ ಎಣ್ಣೆ, ಕೆಲವು ವಾರ ಔಷಧವಿಲ್ಲದ ಎಣ್ಣೆ. ಸಿಬಿಡಿಯ ದಿನಗಳಲ್ಲಿ, ದೇಹದ ಪ್ರತಿ ಕಿಲೋಗೆ 2 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ ಕೊಟ್ಟಾಗ, ನೋವು ಇಳಿದು ಚಟುವಟಿಕೆ ಹೆಚ್ಚಿತು. ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಮೂರ್ಛೆರೋಗದ ಅಧ್ಯಯನದ ಫಲ ಅಷ್ಟು ನೇರವಲ್ಲ. ಮಾಮೂಲಿ ಮಾತ್ರೆಯ ಜೊತೆ 12 ವಾರ ಒಂದು ಗುಂಪಿನ ನಾಯಿಗಳಿಗೆ ಸಿಬಿಡಿ, ಇನ್ನೊಂದು ಗುಂಪಿಗೆ ಔಷಧವಿಲ್ಲದ ಎಣ್ಣೆ ಕೊಟ್ಟರು. ಸಿಬಿಡಿ ಪಡೆದ ಗುಂಪಿನಲ್ಲಿ ಸೆಳೆತದ ಸಂಖ್ಯೆ ಸುಮಾರು ಮೂರನೇ ಒಂದು ಭಾಗ ತಗ್ಗಿತು; ಆದರೆ ಸೆಳೆತ ಅರ್ಧಕ್ಕಿಳಿದ ನಾಯಿಗಳ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಎರಡೂ ಅಧ್ಯಯನಗಳಲ್ಲಿ ಯಕೃತ್ತಿಗೆ ಸಂಬಂಧಿಸಿದ ಕಿಣ್ವವೊಂದು ರಕ್ತದಲ್ಲಿ ಏರಿತ್ತು. ಮೂರ್ಛೆಗೆ ಕೊಡುವ ಫೀನೋಬಾರ್ಬಿಟಾಲ್ ಕೂಡ ಅದೇ ಕಿಣ್ವವನ್ನು ಏರಿಸುವಂಥದ್ದು. ಆದ್ದರಿಂದ ಸಿಬಿಡಿ ಕೊಡುವ ಪಶುವೈದ್ಯರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ.