ಮೊದಲ ಅಕ್ಷರ 'ರ': ನಲಿಕಲಿ ತರಗತಿಯೊಳಗೆ

ಒಂದನೇ ಕ್ಲಾಸಿನ ಮಗು ಮೊದಲು ಕಲಿಯೋ ಅಕ್ಷರ ಯಾವುದು? 'ಅ' ಅಂದ್ರಾ? ಕರ್ನಾಟಕದ ಸರ್ಕಾರಿ ಶಾಲೆಯ ನಲಿಕಲಿಯಲ್ಲಿ, ಅಂದ್ರೆ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯೋ ತರಗತಿಯಲ್ಲಿ, ಅದು 'ರ'. ಆಮೇಲೆ ಗ, ಸ, ದ. ಪಾಪ, 'ಅ'ಗೆ ಐದನೇ ಜಾಗ! ಯಾಕೆ ಗೊತ್ತಾ? ರ, ಗ, ಸ ಮೂರು ಬಂದ್ರೆ ಸಾಕು, ಮಗು 'ಸರ' ಓದುತ್ತೆ, 'ಗರಗಸ' ಓದುತ್ತೆ. 'ಅ' ಸೇರಿದ ಕೂಡಲೇ 'ಅರಸ', 'ಅಗಸ' ಇಬ್ಬರೂ ಹಾಜರ್. ವರ್ಣಮಾಲೆ ಪೂರ್ತಿ ಬಾಯಿಪಾಠ ಆಗೋವರೆಗೆ ಕಾಯಬೇಕಿಲ್ಲ.

ನಲಿಕಲಿ ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನ ನೋಡಿ ಬಂದು, ಇಲ್ಲಿಗೆ ಒಗ್ಗುವ ಕಾರ್ಡುಗಳನ್ನ ರೂಪಿಸಿದ್ರು. ಯುನಿಸೆಫ್ ಬೆಂಬಲ ಇತ್ತು. 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು.

ಗೋಡೆ ಮೇಲೆ ಕಲಿಕಾ ಏಣಿ, ಅಂದ್ರೆ ಕಲಿಯೋ ಹಂತಗಳನ್ನ ಮೆಟ್ಟಿಲಾಗಿ ತೋರಿಸೋ ಪಟ್ಟಿ. ಮಗು ತನ್ನ ಮೆಟ್ಟಿಲು ನೋಡಿ, ಕಾರ್ಡು ತಗೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತೆ. ಒಂದು ಗುಂಪಿಗೆ ಟೀಚರ್ ಪೂರ್ತಿ ಬೇಕು, ಇನ್ನೊಂದಕ್ಕೆ ಸ್ವಲ್ಪ ಸಾಕು. ಕೆಲವು ಗುಂಪಲ್ಲಿ ಗೆಳೆಯರೇ ಹೇಳಿಕೊಡ್ತಾರೆ. ಕೊನೆಗೆ ಮಗು ತಾನೇ ಮಾಡುತ್ತೆ.

ನನಗೆ ದೊಡ್ಡದು ಅನ್ನಿಸೋದು ಇದು: ಸುಗ್ಗಿಗೋ ಜಾತ್ರೆಗೋ ಜ್ವರಕ್ಕೋ ಹದಿನೈದು ದಿನ ಶಾಲೆ ತಪ್ಪಿಸಿದ ಮಗು, ಬಂದ ದಿನ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತೆ. ಪಾಠ ಅದನ್ನ ಬಿಟ್ಟು ಓಡಿರಲ್ಲ.

ಆದ್ರೆ ಟೀಚರ್ ಪಾಡು? ಬೇರೆಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಅಂತ ಪ್ರತಿಯೊಬ್ಬರದ್ದೂ ದಾಖಲೆ ಇಡಬೇಕು. ಇನ್ನು, ಆ ಗದ್ದಲ ನೋಡಿ 'ಇಲ್ಲಿ ಪಾಠವೇ ನಡೆಯಲ್ಲ' ಅನ್ನೋ ಪಾಲಕರೂ ಇದ್ದಾರೆ. ಅಂಥವರು ಒಮ್ಮೆ ಮಗುವಿನ ಪಕ್ಕ ಕೂತು, 'ನಿನ್ನ ಕಾರ್ಡು ತೋರಿಸು' ಅಂತ ಕೇಳಲಿ.